ಜನವರಿಯಲ್ಲಿ ಕಲಿತ ನಡಿಗೆ

ಸೊಂಟಕ್ಕೆ ಕಟ್ಟಿಕೊಂಡವರು ನಡೆಯುತ್ತಿದ್ದಾರೋ ಓಡುತ್ತಿದ್ದಾರೋ, ಹಿಲ್ಲೆವಿಯ ಯಂತ್ರ ಹೇಳಬೇಕಾದದ್ದು ಇಷ್ಟೇ. ಎರಡು ವರ್ಷದ ಮಗು ಹೇಳುವ ಮಾತನ್ನು ಬೆಂಕಿಪೊಟ್ಟಣದಷ್ಟು ಡಬ್ಬಿಯಿಂದ ಹೇಳಿಸಲು ಅವಳು ಮೂರು ವರ್ಷ ತಲೆ ಕೆಡಿಸಿಕೊಂಡಿದ್ದಳು. ಹೆಜ್ಜೆಗೆ ಮೈ ಎಷ್ಟು ಕುಲುಕುತ್ತದೆ, ಸರಾಸರಿ ಎಷ್ಟು, ಏರಿಳಿತ ಎಷ್ಟು ಎಂದು ನೋಡಿ ನಡುವೆ ಒಂದು ಗೆರೆ ಎಳೆದಿದ್ದಳು. ಗೆರೆಯ ಕೆಳಗೆ ನಡಿಗೆ, ಮೇಲೆ ಓಟ. ಇಂದು ಸಂಶೋಧನಾ ನಿಧಿಯ ತಾರ್ಮೊ ಒಪ್ಪಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಅಮ್ಮನ ಹೂವಿನಂಗಡಿ.

ತಾರ್ಮೊಗೆ ಅರವತ್ತೆರಡು, ಹೊಟ್ಟೆ ಅವರಿಗಿಂತ ಅರ್ಧ ಹೆಜ್ಜೆ ಮುಂದೆ. ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಜೂನ್ ಬಿಸಿಲಲ್ಲಿ ಔಲು ನದಿಯ ದಡದುದ್ದಕ್ಕೂ ಕೈಬೀಸಿಕೊಂಡು ಹೊರಟರು. ಹಿಲ್ಲೆವಿಯ ಕೈಲಿದ್ದ ಪರದೆ "ಓಟ" ಎಂದಿತು. ಅವರು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡಾಗ "ನಡಿಗೆ" ಎಂದಿತು.

"ಏನಂತಮ್ಮಾ ನಿನ್ನ ಡಬ್ಬಿ?"

"ನೀವು... ಓಡಿದ್ರಂತೆ."

"ನಾನಾ! ಇಪ್ಪತ್ತು ವರ್ಷದಿಂದ ಬಸ್ಸಿಗೂ ಓಡಿಲ್ಲ ಕಣಮ್ಮಾ!" ತಾರ್ಮೊ ಪರದೆಯ ಫೋಟೊ ತೆಗೆದು ಹೆಂಡತಿಗೆ ಕಳಿಸಿಯೇಬಿಟ್ಟರು.

"ಬಾಯಿ ಮುಚ್ಕೊಂಡಿರು," ಎಂದು ಜೊತೆಗೆ ಬಂದಿದ್ದ ಅವಳ ಮಾರ್ಗದರ್ಶಕ ಪ್ರೊಫೆಸರ್ ಐಮೊ ಕಿವಿಯಲ್ಲಿ ಪಿಸುಗುಟ್ಟಿದರು. "ಖುಷಿಯಾಗಿದಾರೆ, ಸಹಿ ಹಾಕ್ಲಿ."

ಹಿಲ್ಲೆವಿಗೆ ಹೊಳೆದದ್ದು ಆಗಲೇ. ನಡಿಗೆಯ ಅಳತೆಗಳನ್ನೆಲ್ಲ ಅವಳು ತೆಗೆದುಕೊಂಡಿದ್ದು ಜನವರಿಯಲ್ಲಿ, ಇದೇ ದಾರಿಯಲ್ಲಿ, ಗಾಜಿನಂಥ ಮಂಜುಗಡ್ಡೆಯ ಮೇಲೆ. ನಲವತ್ತು ಜನ ಪಾದ ಎತ್ತದೆ, ಉಸಿರು ಬಿಗಿಹಿಡಿದು ಪೆಂಗ್ವಿನ್‌ಗಳ ಹಾಗೆ ತೆವಳಿದ್ದರು. ಓಟವನ್ನು ಮಾತ್ರ ಒಳಾಂಗಣ ಕ್ರೀಡಾಂಗಣದಲ್ಲಿ ಅಳೆದಿದ್ದಳು. ಬೀಳುವ ಭಯವಿಲ್ಲದೆ ಕಾಲೆತ್ತಿದವರೆಲ್ಲ ಯಂತ್ರದ ಕಣ್ಣಿಗೆ ಓಟಗಾರರು! ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಸುಳ್ಳು ಹೇಳಿ ಉಳಿಸಿಕೊಂಡ ಕೆಲಸಕ್ಕೆ ದಿನಾ ಯಾವ ಮುಖ ಹೊತ್ತು ಬರುವುದು?

"ತಾರ್ಮೊ, ನೀವು ಓಡ್ಲಿಲ್ಲ. ಇದಕ್ಕೆ ಬೇಸಿಗೆ ಅಂದ್ರೇನು ಅಂತಾನೇ ಗೊತ್ತಿಲ್ಲ," ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಐಮೊ ಹಣೆ ಚಚ್ಚಿಕೊಂಡರು. ತಾರ್ಮೊ ಮುಖ ಸಪ್ಪಗಾಯಿತು. "ನನ್ನ ಹೆಂಡತಿ ನೋಡೋ ತನಕ, ಇನ್ನೈದು ನಿಮಿಷ ತಡೆದು ಹೇಳಬಾರದಿತ್ತಾ?"

ಅಷ್ಟರಲ್ಲಿ ಅವರ ಫೋನು ಟಿಣ್ ಎಂದಿತು. ಹೆಂಡತಿಯ ಉತ್ತರ. ಓದಿದವರೇ ಹೊಟ್ಟೆ ಕುಣಿಯುವಂತೆ ನಕ್ಕು ಫೋನನ್ನು ಅವಳತ್ತ ಹಿಡಿದರು. "ಡಬ್ಬಿ ಕೆಟ್ಟಿದೆ. ಯಾರದೋ ಪಾಪ, ರಿಪೇರಿ ಮಾಡಿಸಿಕೊಡಿ."

"ರಿಪೇರಿಗೆ ಎಷ್ಟು ದಿನ ಬೇಕು?"

"ಒಂದು ಬೇಸಿಗೆ."

"ಇಲ್ಲಿನ ಬೇಸಿಗೆ ಬಂದ ಹಾಗೇ ಹೋಗತ್ತೆ, ಅದನ್ನ ನಂಬ್ಕೊಂಡ್ರೆ ಒಂದು ವರ್ಷ ಎಲ್ಲಿ ಸಾಕಾಗತ್ತೆ? ಎರಡು ಅಂತ ಬರಿ," ಎಂದು ತಾರ್ಮೊ ಸಹಿ ಹಾಕಿದರು. ಆಮೇಲೆ ಪ್ಯಾಂಟು ಮೇಲೆಳೆದುಕೊಂಡು ಎದ್ದರು. "ಬೇಸಿಗೆ ಲೆಕ್ಕದಲ್ಲಿ ಮೊದಲನೇ ಹೆಸರು ನಂದೇ. ನಡಿಗೆ ಅಂತ್ಲೇ ಬರ್ಕೊಳಮ್ಮಾ, ಹಾಳಾಗಿ ಹೋಗ್ಲಿ."