ಗಿಳಿಯ ಗುರುತಿನ ಕ್ರ್ಯಾಂಕು

ಮಗಳು ಮೆಚ್ಚಿದ ಹುಡುಗ ಮನೆಗೆ ಬರುತ್ತಾನೆಂದರೆ ಬೇರೆ ತಾಯಂದಿರು ಮನೆ ಗುಡಿಸಿ ಒರೆಸುತ್ತಾರೆ. ನಾನು ಮಾತ್ರ ನೇರಳೆ ಬಣ್ಣದ ಸಾಮಾನನ್ನೆಲ್ಲ ಹುಡುಕಿ ಹುಡುಕಿ ಗೋಣಿಚೀಲಕ್ಕೆ ತುಂಬಿದೆ.

ಕಾರಣವಿತ್ತು. ನನ್ನ ಮಗಳು ಹಲ್ಲಿನ ಡಾಕ್ಟರು. ಹುಡುಗ ಮೊದಲ ಸಲ ಅವಳ ಹತ್ತಿರ ಬಂದದ್ದೇ ಮುಂದಿನ ಎರಡು ಹಲ್ಲು ಕಳೆದುಕೊಂಡು. ಅವನಿಗೆ ಹಳೇ ಕಾಲದ ಮೌಂಟನ್ ಬೈಕುಗಳ ಹುಚ್ಚು. ಗುಡ್ಡದ ದಾರಿಯಲ್ಲಿ ಎದ್ದುನಿಂತು ತುಳಿಯುವಾಗ ಕ್ರ್ಯಾಂಕು, ಅಂದರೆ ಪೆಡಲನ್ನು ಹಿಡಿದಿರುವ ತೋಳು, ಲಟಕ್ಕನೆ ಮುರಿದು ಮಕಾಡೆ ಬಿದ್ದಿದ್ದ. ಮುರಿದದ್ದು ನೇರಳೆ ಬಣ್ಣದ್ದು, ಮೇಲೊಂದು ಗಿಳಿಯ ಗುರುತು. ಅದನ್ನು ಮಾಡಿದ ಮಹಾನುಭಾವ ಸಿಕ್ಕರೆ ಅವನ ಕೈಗೇ ಕೊಟ್ಟು ನಾಲ್ಕು ಮಾತು ಕೇಳಬೇಕು ಎಂದಿದ್ದನಂತೆ. ಮಗಳು ತುಟಿ ಪಿಟಕ್ಕೆನ್ನಲಿಲ್ಲ. ಆ ಮಹಾನುಭಾವ ಅವಳ ಅಪ್ಪ.

ಮಗಳು ಚಿಕ್ಕವಳಿದ್ದಾಗ ಬಣ್ಣದ, ಹಗುರವಾದ ಬಿಡಿಭಾಗಗಳೆಂದರೆ ಸವಾರರು ಮುಗಿಬೀಳುತ್ತಿದ್ದರು. ನಮ್ಮ ಯಜಮಾನರು ಹಿತ್ತಲ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊರೆದೂ ಕೊರೆದೂ ಕ್ರ್ಯಾಂಕನ್ನು ಬಡಕಲು ಮಾಡಿ, ನೇರಳೆ ಬಣ್ಣ ಹಿಡಿಸಿ, ಕೊನೆಗೆ ಗಿಳಿಯ ಅಚ್ಚಿಟ್ಟು ಸುತ್ತಿಗೆಯಲ್ಲಿ ಒಂದೇಟು ಹಾಕುತ್ತಿದ್ದರು. ಗಿಳಿ ಎಂದರೆ ನಾನೇ. ಮದುವೆಯಾದ ಹೊಸತರಲ್ಲಿ ನನ್ನ ವಟವಟ ಬಾಯಿ ನೋಡಿ ಇಟ್ಟ ಹೆಸರು.

ಮಾರಾಟವಾದಷ್ಟೇ ವೇಗವಾಗಿ ಮುರಿದವು. ವಾಪಸ್ ಬಂದ ಪೆಟ್ಟಿಗೆಗಳನ್ನು ನೋಡಿ ಯಜಮಾನರು ಶೆಡ್ಡಿನ ಕೊರೆಯುವ ಮಿಷನ್ನಿಗೆ ಬಟ್ಟೆ ಹೊದಿಸಿ, ಬೇರೆಯವರ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. ಆಮೇಲೆ ಒಂದು ಮೊಳೆಯನ್ನೂ ತಮಗಾಗಿ ಮಾಡಲಿಲ್ಲ. ಉಳಿದ ಕ್ರ್ಯಾಂಕುಗಳನ್ನು ನಾನು ಬಿಡುತ್ತೇನೆಯೇ? ಪರದೆಯ ಕೊಕ್ಕೆ, ಡ್ರಾಯರಿನ ಹಿಡಿ, ಬಾಗಿಲು ಬಡಿಯದಂತೆ ಅಡ್ಡ ಇಡುವ ತುಂಡು, ಎಲ್ಲದಕ್ಕೂ ಅವೇ.

ಆ ಹುಡುಗ ಇವರ ಮುಖದ ಮೇಲೆ ಏನಾದರೂ ಅಂದುಬಿಟ್ಟರೆ ಇವರು ತಡೆಯಲಾರರು, ಇವರ ಮುಖ ಬಾಡಿದರೆ ಮಗಳು ಮದುವೆಯೇ ಬೇಡ ಅನ್ನುತ್ತಾಳೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಹುಡುಗ ಬಂದ. ನಗುಮುಖ, ಮಗಳು ಕಟ್ಟಿದ ಹಲ್ಲು ಚೆನ್ನಾಗಿ ಕೂತಿತ್ತು. ಕಾಫಿ ಕುಡಿದ, ಯಜಮಾನರ ಜೊತೆ ಹೊಂದಿಕೊಂಡು ಮಾತಾಡಿದ, ಹಳೇ ಬೈಕಿನಿಂದ ಬಿದ್ದು ಹಲ್ಲು ಹೋದದ್ದನ್ನೂ ನಗುತ್ತ ಹೇಳಿದ. ಕೈ ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಲಟಕ್ ಎಂದು ಸದ್ದು ಬಂತು.

ಬಚ್ಚಲ ಚಿಲಕದ ಹಿಡಿ! ಅದೂ ಹಳೇ ಕ್ರ್ಯಾಂಕೇ. ಬಾಗಿಲಿನ ಜೊತೆ ಅದಕ್ಕೂ ಬಿಳಿ ಪೇಂಟು ಬಳಿದಿದ್ದೆವು. ನೇರಳೆ ಹುಡುಕಿದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಅಂಕಲ್, ಹಿಡಿ ಕೈಗೇ ಬಂದ್ಬಿಡ್ತು," ಎಂದ ಒಳಗಿನಿಂದ. ಆಮೇಲೆ ಉಗುರಿನಿಂದ ಪೇಂಟು ಕೆರೆಯುವ ಸದ್ದು. "ಇದ್ರ ಮೇಲೆ ಗಿಳಿ ಇದೆಯಲ್ಲ?"

ಹಳೇ ಸಾಮಾನಿನ ಸಂತೆಯಲ್ಲಿ ತಂದದ್ದು ಎಂದು ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಯಜಮಾನರು ನನ್ನನ್ನು ಸರಿಸಿ ಬಾಗಿಲಿಗೆ ಮುಖ ಕೊಟ್ಟು ನಿಂತರು.

"ಅದು ನಾನು ಮಾಡಿದ್ದು ಕಣಪ್ಪ. ನಿನ್ನ ಹಲ್ಲು ಮುರಿದದ್ದೂ ನಂದೇ ಇರ್ಬೇಕು. ಲೋಹ ಸರಿ ಇರ್ಲಿಲ್ಲ ಅಂತ ಕಾಣತ್ತೆ. ಬೈಯೋದಿದ್ರೆ ಬೈದ್ಬಿಡು."

ಮಗಳು ನನ್ನ ಕೈ ಹಿಡಿದುಕೊಂಡಳು. ಒಳಗಿನಿಂದ ಬಂದದ್ದು ಬೈಗುಳವಲ್ಲ, ಪ್ರಶ್ನೆ.

"ಲೋಹದ ತಪ್ಪಲ್ಲ ಅಂಕಲ್. ಇಂಥ ಮುರಿದವು ಇನ್ನೂ ಎರಡು ನನ್ನ ಹತ್ರ ಇವೆ. ಎಲ್ಲಾ ಗಿಳಿ ಕುತ್ತಿಗೆ ಹತ್ರಾನೇ ಸೀಳಿವೆ. ಇಷ್ಟು ತೆಳ್ಳಗಿರೋ ಜಾಗದಲ್ಲೇ ಯಾಕೆ ಅಚ್ಚು ಹೊಡೆದ್ರಿ?"

ಇಷ್ಟು ವರ್ಷ ಯಜಮಾನರು ಲೋಹವನ್ನು ಬೈದಿದ್ದರು, ತಮ್ಮ ಕೈಯನ್ನು ಬೈದುಕೊಂಡಿದ್ದರು. ಆ ಪ್ರೀತಿಯ ಒಂದೇಟಿನ ಮೇಲೆ ಅವರಿಗೆ ಅನುಮಾನವೇ ಬಂದಿರಲಿಲ್ಲ.

"ಅದು ಎದ್ದು ಕಾಣೋ ಜಾಗ," ಎಂದರು ಮೆಲ್ಲಗೆ. ಹುಡುಗ ಒಳಗೆ ಬಿದ್ದು ಬಿದ್ದು ನಕ್ಕ. ಮಗಳು ನಕ್ಕಳು. ಕೊನೆಗೆ ಯಜಮಾನರೂ ನಕ್ಕು, ಸ್ಕ್ರೂಡ್ರೈವರ್ ತಂದು ಬಾಗಿಲಿನ ಕೀಲುಗಳನ್ನು ಬಿಚ್ಚಿ ಭಾವಿ ಅಳಿಯನನ್ನು ಬಿಡಿಸಿದರು. ಅವತ್ತೇ ಇಬ್ಬರೂ ಶೆಡ್ಡಿಗೆ ಹೋಗಿ ಮಿಷನ್ನಿನ ಬಟ್ಟೆ ತೆಗೆದರು. ಊಟಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಿತು.

ಮದುವೆ ಚೆನ್ನಾಗಿ ನಡೆಯಿತು. ಅಳಿಯನ ಸೈಕಲ್ಲಿಗೆ ಈಗ ಮಾವ ಮಾಡಿಕೊಟ್ಟ ಹೊಸ ಕ್ರ್ಯಾಂಕು. ಮುರಿಯಬಾರದೆಂದು ಅದನ್ನು ಎಷ್ಟು ದಪ್ಪ ಮಾಡಿದ್ದಾರೆಂದರೆ, ಏರು ಬಂದಾಗಲೆಲ್ಲ ಪಾಪ ಅವನು ಇಳಿದು ತಳ್ಳುತ್ತಾನೆ. ಅದರ ಮೇಲೆ ಗುರುತು ಗಿರುತು ಒಂದೂ ಇಲ್ಲ.

ಹಾಗಾದರೆ ನಾನೆಲ್ಲಿ ಹೋದೆ ಎಂದು ಯಜಮಾನರನ್ನು ಕೇಳಿದೆ. ಹ್ಯಾಂಡಲ್ಲಿನ ಬೆಲ್ಲಿನ ಮುಚ್ಚಳ ತೋರಿಸಿದರು. ನೇರಳೆ ಬಣ್ಣ, ನಡುವೆ ಗಿಳಿ.

"ಇಲ್ಲಿ ಭಾರ ಬೀಳಲ್ಲ," ಎಂದರು. "ಎಷ್ಟು ಬೇಕಾದ್ರೂ ಬಾಯಿ ಮಾಡ್ಬಹುದು."