ದೊಡ್ಡಕ್ಕನ ಕೈ

ಬಿಸಿ ಹಾಲಿಗೆ ಕೋಕೋ ಪುಡಿ ಕದಡಿ ಕೊಟ್ಟರೆ ನಮ್ಮ ದೊಡ್ಡಕ್ಕ ಕುಡಿಯುವ ಮೊದಲು ಚಮಚದಿಂದ ಲೋಟದ ತಳವನ್ನು ತಟ್ಟಿ ತಟ್ಟಿ ಆಲಿಸುತ್ತಾಳೆ. ಹಾಲಿನೊಳಗೆ ಸೂಕ್ಷ್ಮ ಗುಳ್ಳೆಗಳಿರುವ ತನಕ ಶಬ್ದದ ವೇಗ ಕುಗ್ಗಿ ಸ್ವರ ತಗ್ಗಿರುತ್ತದಂತೆ. ಗುಳ್ಳೆಗಳು ಮೇಲೇರಿ ಒಡೆದಂತೆ ಸ್ವರವೂ ಏರುತ್ತದಂತೆ. ಆ ಆರೋಹಣವನ್ನು ಅವಳು ಆಸ್ವಾದಿಸಿ ಮುಗಿಸುವಷ್ಟರಲ್ಲಿ ಹಾಲು ಆರಿ ಕೆನೆಗಟ್ಟಿರುತ್ತದೆ. "ಹಾಲು ಕುಡಿಯೋಕಾ, ಪಾಠ ಮಾಡೋಕಾ?" ಎಂದು ಚಿಕ್ಕಕ್ಕ ರೇಗಿಸದ ದಿನವಿಲ್ಲ.

ಆಸ್ಪತ್ರೆಗೆ ಹೊಂದಿಕೊಂಡ ಪ್ರಯೋಗಾಲಯದಲ್ಲಿ ಅವಳ ಕೆಲಸ. ಮೃದು ಅಂಗಾಂಶವನ್ನು ಧ್ವನಿತರಂಗದಿಂದ ಮೆಲ್ಲನೆ ನೂಕಿ, ಆಗ ಅಡ್ಡಡ್ಡ ಹರಡುವ ಕಂಪನದ ವೇಗವನ್ನು ಅಳೆಯುತ್ತಾಳೆ. ಮೆತ್ತಗಿದ್ದಲ್ಲಿ ಅದು ನಿಧಾನ, ಗಟ್ಟಿಯಿದ್ದಲ್ಲಿ ಚುರುಕು. ಪರದೆಯ ಮೇಲೆ ಮೆತ್ತಗಿನದು ನೀಲಿ, ಗಟ್ಟಿಯಾದದ್ದು ಕೆಂಪು; ಗಂಟು ಗಟ್ಟಿಯಿದ್ದಷ್ಟೂ ಕ್ಯಾನ್ಸರಿನ ಅನುಮಾನ ಹೆಚ್ಚು. ಪರೀಕ್ಷೆಗೆ ಮುನ್ನ ಚರ್ಮಕ್ಕೆ ಹಚ್ಚುವ ಜೆಲ್ಲಿನ ಕಲೆಗಳಿರುವ ಬಿಳಿ ಕೋಟು ತೊಟ್ಟು, ಬಾತುಕೋಳಿಯಂತೆ ಓಲಾಡುತ್ತ ಮೇಜಿನಿಂದ ಮೇಜಿಗೆ ನಡೆಯುವ ಅವಳ ಬಾಯಲ್ಲಿ ಸದಾ ಒಂದೇ ಮಾತು: "ಅದುಮಬೇಡಿ, ಸುಮ್ನೆ ಇಡಿ." ಧ್ವನಿತರಂಗ ಹೊಮ್ಮಿಸುವ ಪ್ರೋಬನ್ನು ಚರ್ಮಕ್ಕೆ ಒತ್ತಿ ಹಿಡಿದರೆ ಮೆತ್ತಗಿನದೂ ಬಿಗಿದುಕೊಂಡು ಗಟ್ಟಿಯೆಂದು ಸುಳ್ಳು ಹೇಳುತ್ತದೆ. ಈ ವಿಷಯದಲ್ಲಿ ಹಿರಿಯ ವೈದ್ಯರನ್ನೂ ಅವಳು ಮುಖ ಮೂತಿ ನೋಡದೆ ಗದರಿದ್ದಾಳೆ.

ಚಿಕ್ಕಕ್ಕನ ಕುತ್ತಿಗೆಯಲ್ಲಿ ಗಂಟೊಂದು ಕಾಣಿಸಿಕೊಂಡಿತು. "ಬೇರೆಯವ್ರು ಬೇಡ, ನೀನೇ ನೋಡು," ಎಂದು ಅವಳು ದೊಡ್ಡಕ್ಕನಲ್ಲಿ ಹಟ ಹಿಡಿದಳು. ನಾನು ಮಂಚದ ಪಕ್ಕ ನಿಂತಿದ್ದೆ. ದೊಡ್ಡಕ್ಕ ಪ್ರೋಬ್ ಇಟ್ಟಳು; ಪರದೆಯಲ್ಲಿ ಗಂಟು ಕೆಂಪಾಯಿತು. ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ದೊಡ್ಡಕ್ಕ ಮಾತ್ರ ಪರದೆ ಬಿಟ್ಟು ತನ್ನ ಕೈಯನ್ನೇ ನೋಡಿದಳು. ಬೆರಳ ಗೆಣ್ಣುಗಳು ಬಿಳಿಚಿದ್ದವು. ಪ್ರೋಬ್ ಎತ್ತಿದಾಗ ತಂಗಿಯ ಕುತ್ತಿಗೆಯ ಮೇಲೆ ಅದರ ಅಚ್ಚು ಮೂಡಿತ್ತು. ಉಸಿರು ಬಿಗಿಹಿಡಿದು ಮತ್ತೆ ಇಟ್ಟಳು, ಮತ್ತೆ ಕೆಂಪು.

"ನಾನೇ ಅದುಮ್ತಾ ಇದೀನಿ ಕಣೇ. ಬಿಡೋಕೆ ಆಗ್ತಿಲ್ಲ," ಎಂದವಳೇ, ಎಷ್ಟೋ ಸಲ ತನ್ನಿಂದ ಬೈಸಿಕೊಂಡಿದ್ದ ಪಕ್ಕದ ಕೋಣೆಯ ಸಹೋದ್ಯೋಗಿಯನ್ನು ಕರೆದಳು. "ನೀವು ನೋಡಿ. ನನ್ನ ಕೈ ನಂಬೋ ಹಾಗಿಲ್ಲ." ಪ್ರೋಬನ್ನು ಅವರಿಗೆ ಒಪ್ಪಿಸಿ ಗೋಡೆಯ ಕಡೆ ತಿರುಗಿ ನಿಂತಳು.

ಅವರು ಅದನ್ನು ಜೆಲ್ಲಿನ ಮೇಲೆ ತೇಲಿಸುವಂತೆ ಇಟ್ಟರು. ಕೆಂಪು ಕರಗಿ ಪರದೆ ತುಂಬ ನೀಲಿ ಹರಡಿತು. "ಅಕ್ಕಾ, ಈ ಕಡೆ ನೋಡು," ಎಂದೆ. ಅವಳು ತಿರುಗಲಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮುಂದೆ ಸೂಜಿಯ ಪರೀಕ್ಷೆಯಲ್ಲೂ ಭಯವಿಲ್ಲವೆಂದು ತಿಳಿಯಿತು.

ಅಳತೆಯನ್ನೇ ಬಾಳಾಗಿಸಿಕೊಂಡ ಇಂಥವರನ್ನು ಹೃದಯವಿಲ್ಲದವರೆಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ತಮ್ಮ ಪ್ರೀತಿಯೂ ಅಳತೆಯನ್ನು ಕೆಡಿಸೀತೆಂದು ಅರಿತು, ಪ್ರಾಣದಷ್ಟು ಪ್ರಿಯವಾದವರನ್ನು ಇನ್ನೊಬ್ಬರ ಕೈಗೊಪ್ಪಿಸಿ ಸರಿದು ನಿಲ್ಲಬಲ್ಲವರು ಅವರು. ಅದಕ್ಕೆ ಬೇಕಾದಷ್ಟು ಹೃದಯ ನನಗಂತೂ ಇಲ್ಲ.