ನಾಲ್ಕನೇ ಸಹಿ

ಗಣಿತ ಮತ್ತು ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಬೇಕಾದರೆ ಏನೇನು ಬೇಕೋ ಎಲ್ಲವನ್ನೂ ಅವಳು ಮುಗಿಸಿದ್ದಳು. ಹತ್ತು ಕೋರ್ಸು ಆಗಿದ್ದವು, ಅರ್ಹತಾ ಪರೀಕ್ಷೆಯನ್ನು ಎರಡನೇ ಸಲಕ್ಕೆ ದಾಟಿದ್ದಳು, ಮೂರು ಲೇಖನ ಅಚ್ಚಾಗಿದ್ದವು. ಉಳಿದದ್ದು ಇವತ್ತಿನ ಮೌಖಿಕ ಪರೀಕ್ಷೆ, ಅದರ ಕೊನೆಗೆ ಒಂದು ಹಾಳೆಯ ಮೇಲೆ ನಾಲ್ಕು ಸಹಿ. ಏಳು ವರ್ಷದ ಗಡುವು ಸಂಜೆ ಐದಕ್ಕೆ ಮುಗಿಯುತ್ತಿತ್ತು. ಒಂದು ನಿಮಿಷ ತಡವಾದರೂ ಏಳು ವರ್ಷ ಮಣ್ಣುಪಾಲು.

ನಾಲ್ವರು ಪರೀಕ್ಷಕರಲ್ಲಿ ಇಬ್ಬರಿಗಾದರೂ ವಿಷಯದ ಆಳ ಗೊತ್ತಿರಬೇಕು ಎಂದು ನಿಯಮ ಬರೆದ ಪುಣ್ಯಾತ್ಮನಿಗೆ ಏನು ಗೊತ್ತು? ಅವಳ ವಿಷಯದ ಆಳ ಬಲ್ಲವರು ಇದ್ದದ್ದೇ ಇಬ್ಬರು, ಆ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬರು ಅವಳ ಮಾರ್ಗದರ್ಶಕರು, ಎಲ್ಲರ ಬಾಯಲ್ಲಿ ದೊಡ್ಡ ಮೇಷ್ಟ್ರು. ಇನ್ನೊಬ್ಬರು ಒಂದು ಕಾಲಕ್ಕೆ ಅವರ ಜೊತೆ ಕೂತು ಲೆಕ್ಕ ಬಿಡಿಸಿದ ಸಣ್ಣ ಮೇಷ್ಟ್ರು. ಚುಕ್ಕಿಗಳನ್ನು ಗೆರೆಗಳಿಂದ ಜೋಡಿಸಿದ ಜಾಲಗಳ ಬಗ್ಗೆ ಇಬ್ಬರೂ ಸೇರಿ ಒಂದು ಪ್ರಮೇಯ ಕಂಡುಹಿಡಿದಿದ್ದರು. ಅಚ್ಚಾದಾಗ ಅದರ ಮೇಲೆ ದೊಡ್ಡ ಮೇಷ್ಟ್ರ ಹೆಸರೊಂದೇ ಇತ್ತು.

ಆ ಪ್ರಮೇಯ ತಪ್ಪು ಎಂಬುದು ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮೂರು ತಿಂಗಳ ಹಿಂದೆ ಅವಳ ಪ್ರೋಗ್ರಾಮು ಹನ್ನೊಂದು ದಿನ ಓಡಿ ಒಂದು ಜಾಲವನ್ನು ಹೆಕ್ಕಿ ತೆಗೆದಿತ್ತು: ಹದಿಮೂರು ಚುಕ್ಕಿ, ಇಪ್ಪತ್ತು ಗೆರೆ. ಅದರ ಮುಂದೆ ಪ್ರಮೇಯ ನಿಲ್ಲುತ್ತಿರಲಿಲ್ಲ. ಅವಳು ಸದ್ದಿಲ್ಲದೆ ತನ್ನ ವಾದಕ್ಕೆ ಆ ಪ್ರಮೇಯ ಬೇಡದ ಬೇರೆ ದಾರಿ ಮಾಡಿಕೊಂಡು, ಮೊದಲ ಅಧ್ಯಾಯದಲ್ಲಿ ಮಾತ್ರ ಗುರುವಿನ ಮರ್ಯಾದೆಗೆಂದು ಆ ಪ್ರಮೇಯವನ್ನು ಉಳಿಸಿದ್ದಳು. ಬಾಯಿ ಬಿಟ್ಟರೆ ಎರಡು ಸಹಿಗೆ ಎಳ್ಳುನೀರು ಎಂದು ಹೆದರಿದ್ದಳು.

ಮಧ್ಯಾಹ್ನ ಎರಡಕ್ಕೆ ಕೋಣೆಯ ಬಾಗಿಲು ಹಾಕಿದರು. ಸಹಿ ಬೀಳುವ ತನಕ ಪರೀಕ್ಷಕರು ಯಾರೂ ಹೊರಗೆ ಹೋಗುವಂತಿಲ್ಲ. ಒಂದು ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಸಣ್ಣ ಮೇಷ್ಟ್ರು ಪ್ರಬಂಧದ ಹನ್ನೆರಡನೇ ಪುಟದ ಮೇಲೆ ಬೆರಳಿಟ್ಟರು.

"ಈ ಪ್ರಮೇಯ ಯಾರದಮ್ಮಾ?"

ದೊಡ್ಡ ಮೇಷ್ಟ್ರೇ ಉತ್ತರ ಕೊಟ್ಟರು. "ಹೆಸರು ಬರೆದಿದೆಯಲ್ಲ. ಓದೋಕೆ ಬರಲ್ವಾ?"

"ಕಳ್ಳನ ಹೆಸರು ಬರೆದಿದೆ."

ಸ್ಟೀಲಿನ ನೀರಿನ ಬಾಟಲಿ ಮೊದಲು ಹಾರಿತು. ದೊಡ್ಡ ಮೇಷ್ಟ್ರು ಎಸೆದದ್ದು ಗುರಿ ತಪ್ಪಿ ಅವಳ ಹುಬ್ಬನ್ನು ಸೀಳಿತು. ಕಣ್ಣೊಳಗೆ ರಕ್ತ ಇಳಿಯಿತು. ಅಷ್ಟರಲ್ಲಿ ಅರವತ್ತು ದಾಟಿದ ಆ ಇಬ್ಬರು ಮಹನೀಯರು ಮೇಜು ಹತ್ತಿ ಕೈಕೈ ಮಿಲಾಯಿಸಿದ್ದರು. ಮುಷ್ಟಿ ಸಣ್ಣ ಮೇಷ್ಟ್ರ ಬಾಯಿಗೆ ಬಿತ್ತು, ಹಲ್ಲೊಂದು ಪ್ರಬಂಧದ ಮೇಲೆ ಉರುಳಿತು. ದೊಡ್ಡ ಮೇಷ್ಟ್ರು ಸಣ್ಣ ಮೇಷ್ಟ್ರನ್ನು ಬಾಗಿಲು ಅರ್ಧ ತೆರೆದಿದ್ದ ಕಬ್ಬಿಣದ ಬೀರುವಿಗೆ ಒತ್ತಿ ಎಡಗೈಯಲ್ಲಿ ಕುತ್ತಿಗೆ ಹಿಸುಕಿದರು. ಅವರ ಬಲಗೈ ಬೀರುವಿನ ಅಂಚಿನ ಮೇಲಿತ್ತು. ಸಣ್ಣ ಮೇಷ್ಟ್ರು ಉಸಿರು ಸಿಗದೆ ತಡವರಿಸಿ, ಬೀರುವಿನ ಬಾಗಿಲನ್ನು ಹಿಡಿದು ಆ ಕೈಯ ಮೇಲೆ ಬಡಿದರು. ಮತ್ತೆ ಬಡಿದರು. ಬೆರಳು ಮುರಿದ ಸದ್ದು ಅವಳಿಗೆ ಕೇಳಿಸಿತು. ಆದರೂ ದೊಡ್ಡ ಮೇಷ್ಟ್ರು ಕುತ್ತಿಗೆ ಬಿಡಲಿಲ್ಲ. ಉಳಿದಿಬ್ಬರು ಪರೀಕ್ಷಕರು ನಿಯಮ ಮುರಿಯದೆ ಮೇಜಿನ ಕೆಳಗೆ ಕೂತಿದ್ದರು.

ಸಣ್ಣ ಮೇಷ್ಟ್ರ ಮುಖ ನೀಲಿಯಾಗುತ್ತಿತ್ತು. ಸಾಯುತ್ತಾರೆ ಎಂದು ಅವಳಿಗೆ ಅನಿಸಿತು. ಒಂದು ತಪ್ಪು ಪ್ರಮೇಯಕ್ಕಾಗಿ ಸಾಯುತ್ತಾರೆ, ಸಹಿಯೂ ಹೋಗುತ್ತದೆ. ಭಯಕ್ಕಿಂತ ದೊಡ್ಡದಾಗಿ ಸಿಟ್ಟು ಬಂತು.

"ಅದು ಯಾರದೂ ಅಲ್ಲ!" ಎಂದು ಕಿರುಚಿ ಅವಳು ಬೋರ್ಡಿನ ಮೇಲೆ ಚುಕ್ಕಿ ಇಡತೊಡಗಿದಳು. "ಅದು ತಪ್ಪು! ನೋಡಿ ಇಲ್ಲಿ!"

ಹದಿಮೂರು ಚುಕ್ಕಿ ಮುಗಿದು ಎಂಟನೇ ಗೆರೆ ಎಳೆಯುವಾಗ ದೊಡ್ಡ ಮೇಷ್ಟ್ರ ಕೈ ಸಡಿಲಾಯಿತು. ಇಪ್ಪತ್ತನೇ ಗೆರೆಗೆ ಇಬ್ಬರೂ ಅಕ್ಕಪಕ್ಕ ನಿಂತು ಏದುಸಿರು ಬಿಡುತ್ತಾ ನೋಡುತ್ತಿದ್ದರು.

"ಎಷ್ಟು ದಿನದಿಂದ ಗೊತ್ತು?" ಎಂದರು ದೊಡ್ಡ ಮೇಷ್ಟ್ರು.

"ಮೂರು ತಿಂಗಳು, ಸರ್."

ಅವರ ಎಡಗೈ ಅವಳ ಕೆನ್ನೆಗೆ ಬಿತ್ತು. ಅವಳು ಗೋಡೆಗೆ ಬಡಿದು, ಸುಧಾರಿಸಿಕೊಂಡು, ಮಾರ್ಕರನ್ನು ಅವರ ಮುಂದೆ ಹಿಡಿದಳು.

"ಇದರಲ್ಲಿ ಎಲ್ಲಿ ತಪ್ಪಿದೆ ತೋರಿಸಿ. ಇಲ್ಲಾಂದ್ರೆ ಸಹಿ ಹಾಕಿ."

ಅವರು ತೋರಿಸಲು ನೋಡಿದರು. ಮುಕ್ಕಾಲು ಗಂಟೆ, ಗೆರೆ ಗೆರೆಯಾಗಿ. ಸಣ್ಣ ಮೇಷ್ಟ್ರೂ ರಕ್ತ ಉಗುಳುತ್ತಲೇ ಸೇರಿಕೊಂಡರು. ಕೊನೆಗೆ ತಪ್ಪು ಸಿಗದೆ ಸಣ್ಣ ಮೇಷ್ಟ್ರು ನೆಲದ ಮೇಲೆ ಕುಕ್ಕರಿಸಿ ನಗತೊಡಗಿದರು, ನಗು ಅಳುವಾಯಿತು. ಅಳುತ್ತಲೇ ಸಹಿ ಹಾಕಿದರು. ಮೇಜಿನ ಕೆಳಗಿನಿಂದ ಇನ್ನೆರಡು ಸಹಿ ಬಂದವು. ದೊಡ್ಡ ಮೇಷ್ಟ್ರು ಪೆನ್ನು ತೆಗೆದುಕೊಂಡರು. ಊದಿಕೊಂಡ ಬೆರಳು ಮಡಚಲಿಲ್ಲ. ಹಾಳೆಯ ಮೇಲೆ ಒಂದು ಸೊಟ್ಟ ಗೀಟು ಬಿತ್ತು.

ಮೂವರೂ ಹಾಳೆ ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಓಡಿದರು. ಅಲ್ಲಿನ ಗುಮಾಸ್ತೆ ಆ ಗೀಟನ್ನೂ ಹಳೆಯ ಕಡತದ ಸಹಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಗಡಿಯಾರ ನಾಲ್ಕೂ ಐವತ್ತು ತೋರಿಸುತ್ತಿತ್ತು.

"ಸಹಿ ಹೊಂದ್ತಾ ಇಲ್ಲ."

"ಅಕ್ಕಾ, ಇವರೇ ಅಕ್ಕಾ, ನಿಮ್ಮೆದುರೇ ನಿಂತಿದಾರೆ," ಎಂದಳು ಇವಳು. ಇವಳ ಒಂದು ಕಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು.

"ಸಹಿ ಹಾಕೋಕೆ ಬರದೇ ಇದ್ರೆ ಹೆಬ್ಬೆಟ್ಟು ಒತ್ತಬಹುದು. ಆದ್ರೆ ಇವರು ಇವರೇ ಅಂತ ಗುರುತು ಹೇಳೋರು ಒಬ್ಬರು ಬೇಕು. ವಿದ್ಯಾರ್ಥಿ ಹೇಳೋ ಹಾಗಿಲ್ಲ. ಕನಿಷ್ಠ ಹತ್ತು ವರ್ಷದ ಪರಿಚಯ ಇರಬೇಕು."

ಸಣ್ಣ ಮೇಷ್ಟ್ರು ಮುಂದೆ ಬಂದರು. ಕುತ್ತಿಗೆಯ ಮೇಲೆ ಐದು ಬೆರಳೂ ಕೆಂಪಗೆ ಮೂಡಿದ್ದವು.

"ನನಗೆ ಗೊತ್ತು ಇವರು," ಎಂದರು. "ಮೂವತ್ತು ವರ್ಷದಿಂದ. ಮಾತು ಬಿಟ್ಟಿದ್ದೂ ಸೇರಿಸಿ."

ಮೂರು ಖಂಡಗಳಲ್ಲಿ ಉಪನ್ಯಾಸ ಕೊಟ್ಟಿದ್ದ ದೊಡ್ಡ ಮೇಷ್ಟ್ರು ಎಡಗೈಯ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಗುಮಾಸ್ತೆ ತೋರಿಸಿದ ಚೌಕದಲ್ಲಿ ಒತ್ತಿದರು. ನಾಲ್ಕೂ ಐವತ್ತೆಂಟಕ್ಕೆ ಮೊಹರು ಬಿತ್ತು, ಹಾಳೆ ತಲುಪಿದ್ದಕ್ಕೆ ರಸೀದಿ ಅವಳ ಕೈಗೆ ಬಂತು.

"ಅಭಿನಂದನೆ, ಡಾಕ್ಟರ್," ಎಂದು ಅವರು ಮಸಿ ಮೆತ್ತಿದ ಎಡಗೈಯನ್ನು ಚಾಚಿದರು. ಅವರ ಕಣ್ಣು ತುಂಬಿತ್ತು.

ಅವಳ ಕೆನ್ನೆಗೆ ಬಿದ್ದದ್ದೂ ಅದೇ ಕೈ. ಅವಳು ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಚಾಚಿದ ಕೈ ಹಾಗೇ ಇರಲು, ಅದರ ಪಕ್ಕದಿಂದ ದಾಟಿ, ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೊರಟಳು.